ಎತ್ತಿದ ತೂಕ ಮೈಗೆ ಹತ್ತಿತಾ?

ಜಿಮ್‌ನಲ್ಲಿ ಇಬ್ಬರು ಮಾತಾಡುತ್ತಾ ನಿಂತಿದ್ದಾರೆ ಅಂದುಕೊಳ್ಳಿ. ಎದೆಗೆ ವಾರಕ್ಕೆ ಎಷ್ಟು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದೊಂದು ಸುತ್ತು) ಬೇಕು, ಯಾಕೆ ಬೇಕು ಅಂತ ಒಬ್ಬ ಬಿಡಿಸಿ ಹೇಳುತ್ತಿದ್ದಾನೆ. ಇನ್ನೊಬ್ಬ ಸ್ವಲ್ಪ ಹೊತ್ತು ಕೇಳಿ ನಡುವೆ ಬಾಯಿ ಹಾಕುತ್ತಾನೆ: "ಅದೆಲ್ಲ ಇರ್ಲಿ, ನೀನು ಬೆಂಚ್ ಎಷ್ಟು ಹೊಡೀತೀಯಾ?" ಬೆಂಚ್ ಅಂದರೆ ಬೆಂಚ್ ಪ್ರೆಸ್, ಮಲಗಿಕೊಂಡು ತೂಕ ಹಾಕಿದ ಕಬ್ಬಿಣದ ಬಾರನ್ನು ಎದೆಯಿಂದ ಮೇಲಕ್ಕೆ ಒತ್ತುವುದು. ಅಲ್ಲಿಗೆ ಮಾತು ಮುಗಿಯಿತು. 70 ಕೆಜಿ ಅಂದರೆ ಅವನು ಹೇಳಿದ್ದೆಲ್ಲ ಬೊಗಳೆ. 140 ಅಂದರೆ ಹೇಳಿದ್ದೆಲ್ಲ ವೇದವಾಕ್ಯ.

ಈ ಪ್ರಶ್ನೆಯನ್ನು ನನಗೆ ಬೇರೆಯವರು ಕೇಳಿದ್ದಾರೆ. ನಾನೂ ಬೇರೆಯವರಿಗೆ ಕೇಳಿದ್ದೇನೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲ್ಲ. ಬಾಯಿಮಾತಿಗಿಂತ ಕಬ್ಬಿಣ ಸತ್ಯ ಹೇಳುತ್ತೆ ಅನ್ನುವ ನಂಬಿಕೆ ಅದು. ಆದರೆ ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳಿವೆ. ಎತ್ತುವ ತೂಕ ನೋಡಿ ಒಬ್ಬರ ಮೈ ಬೆಳೆದಿದೆಯೋ ಇಲ್ಲವೋ ಹೇಳಬಹುದಾ? ಎತ್ತುವ ತೂಕ ನೋಡಿ ಅವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಹೇಳಬಹುದಾ? ಮೊದಲನೆಯದಕ್ಕೆ ನನ್ನ ಉತ್ತರ: ಕೆಲವು ಷರತ್ತು ಹಾಕಿದರೆ ಹೌದು. ಎರಡನೆಯದಕ್ಕೆ: ಹೆಚ್ಚುಕಡಿಮೆ ಇಲ್ಲ. ಆ ಷರತ್ತುಗಳು ಅರ್ಥವಾಗಬೇಕಾದರೆ ತಾಕತ್ತು ಎಲ್ಲಿಂದ ಬರುತ್ತೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸ್ಟೇಜ್ ಮೇಲೆ ಯಾರೂ ಭಾರ ಎತ್ತಲ್ಲ

ಭಾರ ಎತ್ತುವುದು, ಮೈ ತೋರಿಸುವುದು ಎರಡೂ ಹುಟ್ಟಿದ್ದು ಒಂದೇ ಮನೆಯಲ್ಲಿ. 19ನೇ ಶತಮಾನದ ಕೊನೆಯಲ್ಲಿ ಯೂಜಿನ್ ಸ್ಯಾಂಡೋ ಭಾರ ಎತ್ತುವ ಪ್ರದರ್ಶನ ಕೊಟ್ಟು ಹೆಸರು ಮಾಡಿದ್ದರು. ಅಮೆರಿಕಕ್ಕೆ ಹೋದಾಗ ಅವರ ಪ್ರದರ್ಶನ ನಡೆಸುತ್ತಿದ್ದ ಫ್ಲೋರೆನ್ಜ್ ಝೀಗ್‌ಫೆಲ್ಡ್ ಒಂದು ವಿಷಯ ಗಮನಿಸಿದರು. ಎತ್ತುವ ಭಾರಕ್ಕಿಂತ ಎತ್ತುವವರ ಮೈ ಮೇಲೇ ಜನರ ಕಣ್ಣು ಜಾಸ್ತಿ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ದೊಡ್ಡದೊಂದು ಮೈಕಟ್ಟಿನ ಸ್ಪರ್ಧೆ ನಡೆಸಿದರು. ಆಗಿನಿಂದ ಎರಡು ದಾರಿಗಳು ನಿಧಾನವಾಗಿ ಬೇರೆಯಾದವು.

ನಿಧಾನವಾಗಿಯೇ. ಜಾನ್ ಗ್ರಿಮೆಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಆಗಿ ಸ್ಪರ್ಧಿಸಿ, ಆಮೇಲೆ 1940 ಮತ್ತು 1941ರಲ್ಲಿ ಮಿಸ್ಟರ್ ಅಮೆರಿಕ ಮೈಕಟ್ಟಿನ ಸ್ಪರ್ಧೆ ಗೆದ್ದರು. 1976 ಮತ್ತು 1981ರಲ್ಲಿ ಬಾಡಿಬಿಲ್ಡಿಂಗ್‌ನ ದೊಡ್ಡ ಪಟ್ಟವಾದ ಮಿಸ್ಟರ್ ಒಲಿಂಪಿಯಾ ಗೆದ್ದ ಫ್ರಾಂಕೊ ಕೊಲುಂಬು ಪವರ್‌ಲಿಫ್ಟಿಂಗ್‌ನಲ್ಲೂ (ಗರಿಷ್ಠ ಭಾರ ಎತ್ತುವ ಸ್ಪರ್ಧೆ) ಗಟ್ಟಿಗರಾಗಿದ್ದರು. 1998ರಿಂದ 2005ರವರೆಗೆ ಸತತ 8 ಬಾರಿ ಒಲಿಂಪಿಯಾ ಗೆದ್ದ ರಾನಿ ಕೋಲ್ಮನ್ 800 ಪೌಂಡ್, ಅಂದರೆ ಸುಮಾರು 363 ಕೆಜಿಯನ್ನು ಡೆಡ್‌ಲಿಫ್ಟ್‌ನಲ್ಲೂ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಸ್ಕ್ವಾಟ್‌ನಲ್ಲೂ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) ಎರಡೆರಡು ರೆಪ್ಸ್, ಅಂದರೆ ಎರಡೆರಡು ಸಲ, ಹೊಡೆದ ವಿಡಿಯೋಗಳಿವೆ. ಇವರನ್ನೆಲ್ಲ ನೋಡಿದರೆ ತಾಕತ್ತೇ ಮೈ, ಮೈಯೇ ತಾಕತ್ತು ಅನ್ನಿಸುವುದು ಸಹಜ.

ಈಗ ಇನ್ನೊಂದು ಕಡೆ ನೋಡಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕೆಜಿ ವಿಭಾಗದ ನಯೀಮ್ ಸುಲೇಮಾನೋಗ್ಲು 190 ಕೆಜಿಯನ್ನು ಕ್ಲೀನ್ ಅಂಡ್ ಜರ್ಕ್‌ನಲ್ಲಿ ತಲೆಯ ಮೇಲೆ ಎತ್ತಿ ನಿಂತರು. ತಮ್ಮ ಮೈತೂಕದ ಮೂರು ಪಟ್ಟಿಗೂ ಜಾಸ್ತಿ. ಅವರ ಎರಡರಷ್ಟು ತೂಗುವ, ಉಬ್ಬಿದ ಭುಜದ ಎಷ್ಟೋ ಬಾಡಿಬಿಲ್ಡರ್‌ಗಳ ಕೈಯಲ್ಲಿ ಆ ಬಾರ್ ತಲೆಯ ಮೇಲಕ್ಕೆ ಹೋಗಲ್ಲ. ಹಾಗಂತ ಬಾಡಿಬಿಲ್ಡಿಂಗ್ ಸ್ಟೇಜ್ ಮೇಲೆ ಸುಲೇಮಾನೋಗ್ಲು ಗೆಲ್ಲುತ್ತಿದ್ದರಾ? ಇಲ್ಲ. ಅಲ್ಲಿ ನೋಡುವುದು ಸ್ನಾಯುವಿನ ಗಾತ್ರ, ಮೈಯ ಅಳತೆಯಲ್ಲಿನ ಹೊಂದಾಣಿಕೆ, ಕೊಬ್ಬು ಎಷ್ಟು ಇಳಿದಿದೆ, ಪೋಸ್ ಹೇಗಿದೆ ಅನ್ನೋದನ್ನು. ಬಾರ್ ಅಲ್ಲಿಗೆ ಬರುವುದೇ ಇಲ್ಲ.

ಒಂದು ಲಿಫ್ಟ್‌ನೊಳಗೆ ಏನೇನಿದೆ

ಸ್ನಾಯು ದಪ್ಪವಾದಷ್ಟೂ ಅದು ಎಳೆಯುವ ಬಲ ಜಾಸ್ತಿ. ಇದರಲ್ಲಿ ಅನುಮಾನ ಬೇಡ. ಹಗ್ಗಕ್ಕೆ ಎಳೆಗಳನ್ನು ಸೇರಿಸುತ್ತಾ ಹೋದ ಹಾಗೆ. ಆದರೆ ಬಾರ್ ಮೇಲೇಳುವುದು ದಪ್ಪದಿಂದ ಮಾತ್ರ ಆಗುವ ಕೆಲಸವಲ್ಲ. ಇನ್ನೂ ಮೂರು ಸಂಗತಿಗಳು ಆ ತೂಕಕ್ಕೆ ಕೈ ಸೇರಿಸುತ್ತವೆ.

ಒಂದು, ನರಗಳು. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ನರದ ತಂತುಗಳಿಗೆ ಸೇರಿಕೊಂಡಿರುತ್ತವೆ. ಹಗುರ ಕೆಲಸಕ್ಕೆ ಚಿಕ್ಕ ಗುಂಪುಗಳು ಎದ್ದರೆ ಸಾಕು. ಕೆಲಸ ಕಷ್ಟವಾದಂತೆ ದೊಡ್ಡ ಗುಂಪುಗಳು ಒಂದೊಂದಾಗಿ ಏಳುತ್ತವೆ. ಹೊಸಬರಿಗೆ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಕರೆಯುವ ರೂಢಿ ಇರಲ್ಲ. ಕೆಲವು ವಾರ ಅಭ್ಯಾಸ ಮಾಡಿದರೆ ಬರುತ್ತೆ. ಅದಕ್ಕೇ ಜಿಮ್‌ಗೆ ಸೇರಿದ ಮೊದಲ ಎರಡು ತಿಂಗಳು ತೂಕ ವಾರವಾರ ಏರುವುದು, ಕನ್ನಡಿಯಲ್ಲಿ ಮಾತ್ರ ಅಷ್ಟೇನೂ ಬದಲಾವಣೆ ಕಾಣದಿರುವುದು. ಆ ಏರಿಕೆಯಲ್ಲಿ ದೊಡ್ಡ ಪಾಲು ನರಗಳದ್ದು.

ಎರಡು, ಕೌಶಲ. ಬೆಂಚ್ ಪ್ರೆಸ್ ಕೂಡ ಒಂದು ವಿದ್ಯೆ. ಭುಜದ ಎಲುಬನ್ನು ಹಿಂದಕ್ಕೆ ಬಿಗಿಹಿಡಿಯುವುದು, ಕಾಲನ್ನು ನೆಲಕ್ಕೆ ಒತ್ತುವುದು, ಬಾರ್ ಯಾವ ದಾರಿಯಲ್ಲಿ ಇಳಿದು ಏರಬೇಕು ಅನ್ನುವುದು, ಇವೆಲ್ಲ ಕಲಿತಂತೆ ಅದೇ ಸ್ನಾಯು ಜಾಸ್ತಿ ತೂಕ ಎತ್ತುತ್ತೆ.

ಮೂರನೆಯದು ಮೂಳೆಯ ಲೆಕ್ಕ. ಇದನ್ನು ಜನ ಮರೆತೇಬಿಡುತ್ತಾರೆ. ಅದಕ್ಕೇ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ.

ಮೊಣಕೈ ಮಡಚಿ, ಮುಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದು, ಅಂಗೈಯಲ್ಲಿ 10 ಕೆಜಿ ಡಂಬೆಲ್ ಇಟ್ಟುಕೊಂಡಿದ್ದೀರಿ ಅನ್ನಿ. ಮೊಣಕೈಯಿಂದ ಡಂಬೆಲ್‌ಗೆ ಸುಮಾರು 35 ಸೆಂ.ಮೀ. ಬೈಸೆಪ್ಸ್‌ನ ಸ್ನಾಯುರಜ್ಜು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈಯಿಂದ ಬರೀ 4 ಸೆಂ.ಮೀ. ದೂರದಲ್ಲಿ ಅಂತ ಇಟ್ಟುಕೊಳ್ಳಿ. ಸನ್ನೆಗೋಲಿನ ಲೆಕ್ಕ ಹಾಕಿ. 10 ಕೆಜಿಯನ್ನು 35ರಿಂದ ಗುಣಿಸಿ, 4ರಿಂದ ಭಾಗಿಸಿದರೆ 87.5. ಕೈಯಲ್ಲಿರುವುದು 10 ಕೆಜಿ, ಸ್ನಾಯು ಎಳೆಯಬೇಕಾದದ್ದು 87.5 ಕೆಜಿಯಷ್ಟು! ಮುಂಗೈಯ ತೂಕವನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಈಗ ನಿಮ್ಮ ಗೆಳೆಯನ ಕೈ ನೋಡೋಣ. ಅಷ್ಟೇ ಉದ್ದದ ಕೈ, ಅಷ್ಟೇ ದಪ್ಪದ ಬೈಸೆಪ್ಸ್. ರಜ್ಜು ಅಂಟಿರುವುದು ಮಾತ್ರ 4.5 ಸೆಂ.ಮೀ. ದೂರದಲ್ಲಿ. ಅರ್ಧ ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನ ಅಗಲದಷ್ಟೂ ಇಲ್ಲ. ಅವನ ಸ್ನಾಯು ಅದೇ ಡಂಬೆಲ್‌ಗೆ ಸುಮಾರು 78 ಕೆಜಿಯಷ್ಟು ಎಳೆದರೆ ಸಾಕು. ಅಥವಾ ನಿಮ್ಮಷ್ಟೇ ಎಳೆದರೆ ಅವನು 11 ಕೆಜಿಗೂ ಜಾಸ್ತಿ ಹಿಡಿಯುತ್ತಾನೆ. ಮೈ ಒಂದೇ, ಶ್ರಮ ಒಂದೇ, ತೂಕದಲ್ಲಿ ನೂರಕ್ಕೆ ಹನ್ನೆರಡೂವರೆ ವ್ಯತ್ಯಾಸ. ಈ ಅರ್ಧ ಸೆಂಟಿಮೀಟರನ್ನು ಯಾವ ಡಯಟ್ಟೂ ಕೊಡಲ್ಲ, ಯಾವ ವರ್ಕೌಟೂ ಕೊಡಲ್ಲ. ಹುಟ್ಟುವಾಗ ಬಂದದ್ದು.

ಕೈಕಾಲಿನ ಉದ್ದವೂ ಹಾಗೇ. ಉದ್ದ ಕೈಯವರಿಗೆ ಬೆಂಚ್‌ನಲ್ಲಿ ಬಾರ್ ಜಾಸ್ತಿ ದೂರ ಚಲಿಸಬೇಕು. ಅದೇ ಉದ್ದ ಕೈ ಡೆಡ್‌ಲಿಫ್ಟ್‌ನಲ್ಲಿ ವರ. ತೊಡೆ ಮೂಳೆ ಉದ್ದ ಇರುವವರು ಸ್ಕ್ವಾಟ್‌ನಲ್ಲಿ ಮುಂದಕ್ಕೆ ಬಾಗುತ್ತಾರೆ, ಸೊಂಟಕ್ಕೆ ಜಾಸ್ತಿ ಭಾರ ಬೀಳುತ್ತೆ. ಹಾಗಾಗಿ ಇಬ್ಬರ ಬೆಂಚ್ ಹೋಲಿಸುವಾಗ ಅವರ ಸ್ನಾಯುವಿನ ಜೊತೆಗೆ ಮೂಳೆ, ರಜ್ಜು, ನರ, ಅಭ್ಯಾಸ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದಂತಾಗುತ್ತೆ. ಅದರಲ್ಲಿ ಸ್ನಾಯುವಿನ ಪಾಲು ಎಷ್ಟು ಅಂತ ಆ ಒಂದು ಅಂಕಿಯಿಂದ ಬೇರ್ಪಡಿಸಲು ಆಗಲ್ಲ.

ತೂಕ ಏರಿತು, ಮೈ ಏರಲಿಲ್ಲ

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸಬರನ್ನು ಗುಂಪು ಮಾಡಿ 8 ವಾರ ತರಬೇತಿ ಕೊಟ್ಟರು. ಒಂದು ಗುಂಪು ಬಾಡಿಬಿಲ್ಡಿಂಗ್ ರೀತಿ, 8ರಿಂದ 12 ರೆಪ್ಸ್‌ನ ಸೆಟ್‌ಗಳನ್ನು ಸುಸ್ತಾಗುವವರೆಗೆ ಮಾಡಿತು. ಇನ್ನೊಂದು ಗುಂಪು ಪ್ರತಿ ಸಲ ಬಂದು, ಒಂದೇ ಒಂದು ರೆಪ್ ಎತ್ತಬಹುದಾದ ಗರಿಷ್ಠ ತೂಕವನ್ನು ಕೆಲವೇ ಸಲ ಎತ್ತಿ ಹೋಗುತ್ತಿತ್ತು. ಪರೀಕ್ಷೆ ಬರೆಯುವುದನ್ನೇ ಅಭ್ಯಾಸ ಮಾಡಿದ ಹಾಗೆ. ಕೊನೆಗೆ ಬೆಂಚ್ ಪ್ರೆಸ್‌ನ ಗರಿಷ್ಠ ತೂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಏರಿತ್ತು. ಸ್ನಾಯುವಿನ ದಪ್ಪ ಏರಿದ್ದು ಮಾತ್ರ ಮೊದಲ ಗುಂಪಿನಲ್ಲಿ.

ಇದನ್ನು ತಿರುಗಿಸಿಯೂ ನೋಡಬಹುದು. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಆಗಲೇ ಅನುಭವ ಇದ್ದ ಗಂಡಸರನ್ನು ತೆಗೆದುಕೊಂಡರು. ಕೆಲವರಿಗೆ ಭಾರಿ ತೂಕದಲ್ಲಿ 3 ರೆಪ್ಸ್‌ನ 7 ಸೆಟ್. ಕೆಲವರಿಗೆ ಮಧ್ಯಮ ತೂಕದಲ್ಲಿ 10 ರೆಪ್ಸ್‌ನ 3 ಸೆಟ್. 8 ವಾರದ ಕೊನೆಗೆ ಬೈಸೆಪ್ಸ್ ಎರಡೂ ಕಡೆ ಒಂದೇ ಸಮ ಬೆಳೆದಿತ್ತು. ಗರಿಷ್ಠ ತೂಕ ಮಾತ್ರ ಭಾರಿ ಗುಂಪಿನಲ್ಲಿ ಜಾಸ್ತಿ ಏರಿತ್ತು. ಭಾರಿ ಗುಂಪಿನವರಿಗೆ ಒಂದೊಂದು ದಿನದ ವರ್ಕೌಟ್‌ಗೆ ಸುಮಾರು 70 ನಿಮಿಷ ಹಿಡಿಯುತ್ತಿತ್ತು, ಇನ್ನೊಂದು ಗುಂಪಿಗೆ ಸುಮಾರು 17 ನಿಮಿಷ. ಈಗ ಆ ಎರಡೂ ಗುಂಪಿನವರನ್ನು ನಿಲ್ಲಿಸಿ "ಎಷ್ಟು ಹೊಡೀತೀಯಾ" ಅಂತ ಕೇಳಿದರೆ, ಅಷ್ಟೇ ಬೆಳೆದ ಇನ್ನೊಂದು ಗುಂಪು ಸೋತಂತೆ ಕಾಣುತ್ತೆ.

ಹಗುರ ತೂಕದ ಬಗ್ಗೆಯೂ ಇಂಥದ್ದೇ ಮಾಹಿತಿ ಬಂದಿದೆ. ಗರಿಷ್ಠದ ನೂರಕ್ಕೆ 30ರಷ್ಟು ತೂಕವನ್ನೂ ಇನ್ನು ಆಗಲ್ಲ ಅನ್ನುವವರೆಗೆ ಎತ್ತಿದರೆ, ಸ್ನಾಯು ಭಾರಿ ತೂಕದಷ್ಟೇ ಬೆಳೆಯಬಲ್ಲದು. ಸೆಟ್‌ನ ಕೊನೆಗೆ ಚಿಕ್ಕ ಗುಂಪುಗಳು ದಣಿದು ದೊಡ್ಡ ಗುಂಪುಗಳೂ ಏಳಲೇಬೇಕಾಗುತ್ತೆ, ಅದಕ್ಕೆ. ಗರಿಷ್ಠ ತೂಕ ಏರಿಸುವುದರಲ್ಲಿ ಮಾತ್ರ ಭಾರಿ ತೂಕವೇ ಮೇಲು.

ನನ್ನ ಪುಸ್ತಕದಲ್ಲೂ ಇಂಥದ್ದೊಂದು ಪುಟವಿದೆ. ವರ್ಕೌಟ್ ಬರೆದಿಡುವ ಹಳೆಯ ನೋಟ್‌ಬುಕ್ ಅದು. ಬೆಂಚ್ ಪ್ರೆಸ್, 60 ಕೆಜಿ, 8 ರೆಪ್ಸ್ ಅಂತ ಶುರುವಾಗುತ್ತೆ. ಎಂಟು ತಿಂಗಳಾದ ಮೇಲಿನ ಪುಟದಲ್ಲಿ 80 ಕೆಜಿ, 8 ರೆಪ್ಸ್. ಪಕ್ಕದಲ್ಲಿ ಟೇಪ್ ಹಿಡಿದು ಬರೆದ ಎದೆಯ ಸುತ್ತಳತೆ, ತೋಳಿನ ಸುತ್ತಳತೆ. ಎರಡೂ ಇದ್ದಲ್ಲೇ ಇವೆ. ಊಟ ಕಡಿಮೆಯಾಯಿತೇನೋ, ನಿದ್ದೆ ಸಾಲದೇನೋ ಅಂತ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಒಂದು ದಿನ ಜೊತೆಗೆ ವರ್ಕೌಟ್ ಮಾಡುತ್ತಿದ್ದ ಅಣ್ಣ ಒಬ್ಬರು ಪಕ್ಕದಿಂದ ವಿಡಿಯೋ ಮಾಡಿ ತೋರಿಸಿದರು. ಬಾರ್ ಎದೆಗೆ ನಾಲ್ಕು ಬೆರಳು ದೂರ ಇರುವಾಗಲೇ ವಾಪಸ್ ಹೋಗುತ್ತಿತ್ತು. ಐದನೇ ರೆಪ್‌ನಿಂದ ಸೊಂಟ ಬೆಂಚ್ ಬಿಟ್ಟು ಮೇಲೇಳುತ್ತಿತ್ತು. ಕೊನೆಯ ಎರಡು ರೆಪ್ಸ್‌ನಲ್ಲಿ ಸ್ಪಾಟ್ ಮಾಡುವವರ, ಅಂದರೆ ನೆರವಿಗೆ ನಿಂತವರ, ಬೆರಳುಗಳು ಬಾರ್ ಕೆಳಗೆ ಇದ್ದವು. "ಮೊದ್ಲು 60 ಎದೆಗೆ ಮುಟ್ಟಿಸ್ತಿದ್ದೆ ಅಲ್ವಾ? ಇದು ಬೇರೆ ಲಿಫ್ಟು ಕಣೋ," ಅಂದರು.

ಅದೇ ನಿಜ. ನಾನು ಹೋಲಿಸುತ್ತಿದ್ದದ್ದು ಎರಡು ಬೇರೆ ಬೇರೆ ವ್ಯಾಯಾಮಗಳನ್ನು. 62.5 ಕೆಜಿಗೆ ಇಳಿದೆ. ಬಾರ್ ಎದೆ ಮುಟ್ಟಿ ಒಂದು ಕ್ಷಣ ನಿಂತು ಮೇಲೆ ಹೋಗಬೇಕು, ಸೊಂಟ ಕದಲಬಾರದು, ಯಾರೂ ಕೈ ಹಾಕಬಾರದು ಅಂತ ನಿಯಮ ಮಾಡಿಕೊಂಡೆ. ಒಂದು ವರ್ಷದಲ್ಲಿ 75 ಕೆಜಿ, 8 ರೆಪ್ಸ್. ಹಳೆಯ 80ಕ್ಕಿಂತ ಕಡಿಮೆಯೇ. ಎದೆಯ ಸುತ್ತಳತೆ ಮಾತ್ರ 3 ಸೆಂ.ಮೀ. ಏರಿತ್ತು.

ಹಾಗಾದರೆ ತೂಕ ಬರೆದಿಡುವುದು ದಂಡವಾ?

ಖಂಡಿತ ಇಲ್ಲ. ಇಲ್ಲಿಯವರೆಗೆ ಓದಿ "ತಾಕತ್ತು ಲೆಕ್ಕಕ್ಕಿಲ್ಲ" ಅಂತ ತೀರ್ಮಾನಿಸಿದರೆ ಅದು ಇನ್ನೂ ದೊಡ್ಡ ತಪ್ಪು. ಬಾಡಿಬಿಲ್ಡಿಂಗ್ ಮಾಡುವವರ ಕೈಯಲ್ಲಿ ವಾರವಾರಕ್ಕೆ ಉತ್ತರ ಕೊಡುವ ಅಳತೆಗೋಲು ಬೇರೆ ಯಾವುದೂ ಇಲ್ಲ. ಟೇಪ್ ತಿಂಗಳುಗಟ್ಟಲೆ ಕದಲಲ್ಲ. ಕನ್ನಡಿ ಬೆಳಕಿನ ಮೇಲೆ, ಪಂಪ್ (ವರ್ಕೌಟ್ ಆದ ಕೂಡಲೇ ಸ್ನಾಯು ಉಬ್ಬಿ ಕಾಣುವುದು) ಮೇಲೆ, ನಮ್ಮ ಮೂಡಿನ ಮೇಲೆ ಬದಲಾಗುತ್ತೆ. ಬಾರ್ ಮೇಲಿನ ತೂಕ ಹಾಗಲ್ಲ.

ನರಗಳ ಪಾಲು ಶುರುವಿನಲ್ಲಿ ಬೇಗ ಏರಿ ಆಮೇಲೆ ನಿಧಾನವಾಗುತ್ತೆ. ಮೂಳೆಯ ಉದ್ದ, ರಜ್ಜು ಅಂಟಿರುವ ಜಾಗ ಬದಲಾಗುವುದೇ ಇಲ್ಲ. ಫಾರ್ಮ್, ಅಂದರೆ ಎತ್ತುವ ರೀತಿಯನ್ನು, ನಾವೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳಬಹುದು. ಇಷ್ಟೆಲ್ಲ ಸ್ಥಿರವಾದ ಮೇಲೆ, ಅದೇ ವ್ಯಕ್ತಿ ಅದೇ ಲಿಫ್ಟ್‌ನಲ್ಲಿ 60 ಕೆಜಿ 8 ರೆಪ್ಸ್‌ನಿಂದ 75 ಕೆಜಿ 8 ರೆಪ್ಸ್‌ಗೆ ಬಂದರೆ, ಆ 15 ಕೆಜಿ ಎಲ್ಲಿಂದ ಬಂತು? ಉಳಿದಿರುವ ಮುಖ್ಯ ಕಾರಣ ಸ್ನಾಯುವಿನ ಬೆಳವಣಿಗೆ. ಷರತ್ತುಗಳು ಇವೇ: ಅದೇ ಮನುಷ್ಯ, ಅದೇ ಲಿಫ್ಟ್, ಅದೇ ಫಾರ್ಮ್, ಒಂದೇ ರೆಪ್‌ನ ಗರಿಷ್ಠದ ಬದಲು 6ರಿಂದ 12 ರೆಪ್ಸ್‌ನ ಸೆಟ್‌ಗಳು, ವಾರಗಳ ಬದಲು ತಿಂಗಳುಗಳು. ಎರಡು ವರ್ಷ ಒಂದೇ ತೂಕ, ಅಷ್ಟೇ ರೆಪ್ಸ್, ಅಷ್ಟೇ ಸುಲಭವಾಗಿ ಎತ್ತುತ್ತಿದ್ದು "ಮೈ ಬೆಳೀತಿದೆ" ಅನ್ನುವವರಿದ್ದರೆ ನಾನು ನಂಬಲ್ಲ. ಬೆಳೆದ ಸ್ನಾಯುವಿಗೆ ಹಳೆಯ ತೂಕ ಹಗುರವಾಗಲೇಬೇಕು.

ರೆಪ್ಸ್ ಬೇರೆ ಬೇರೆ ಇದ್ದರೆ ಹೋಲಿಸುವುದಕ್ಕೆ ಒಂದು ಸರಳ ಸೂತ್ರ ಬಳಕೆಯಲ್ಲಿದೆ. ಎಪ್ಲಿ ಸೂತ್ರ ಅನ್ನುತ್ತಾರೆ. ರೆಪ್ಸ್ ಸಂಖ್ಯೆಯನ್ನು 30ರಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ತೂಕದಿಂದ ಗುಣಿಸಿ. ಬರುವುದು ಒಂದು ರೆಪ್‌ನ ಅಂದಾಜು ಗರಿಷ್ಠ. 60 ಕೆಜಿ 8 ರೆಪ್ಸ್ ಅಂದರೆ 76. ಮುಂದಿನ ತಿಂಗಳು 60 ಕೆಜಿ 10 ರೆಪ್ಸ್ ಆದರೆ 80. ಪ್ಲೇಟ್ ಬದಲಾಗದಿದ್ದರೂ ಏರಿದ್ದೀರಿ. ಎರಡೂ ಸೆಟ್‌ಗಳನ್ನು ಒಂದೇ ಸಮ ದಣಿವಿನವರೆಗೆ ಮಾಡಿರಬೇಕು, ಅಷ್ಟೇ. 15 ರೆಪ್ಸ್ ದಾಟಿದರೆ ಈ ಅಂದಾಜು ತಪ್ಪತೊಡಗುತ್ತೆ, ಅಲ್ಲಿ ಬಳಸಬೇಡಿ.

ತೂಕದ ಲೆಕ್ಕ ನಿಜವಾಗಿ ಕೈ ಹಿಡಿಯುವುದು ಕಟಿಂಗ್, ಅಂದರೆ ಕೊಬ್ಬು ಇಳಿಸುವ ಸಮಯದಲ್ಲಿ. ಊಟ ಇಳಿಸಿದಾಗ ಮೈತೂಕ ಇಳಿಯುತ್ತೆ. ಇಳಿದದ್ದು ಕೊಬ್ಬಾ ಸ್ನಾಯುವಾ ಅಂತ ತೂಕದ ಯಂತ್ರ ಹೇಳಲ್ಲ. ಸೊಂಟದ ಅಳತೆ ಇಳಿಯುತ್ತಿದ್ದು, ಲಿಫ್ಟ್‌ಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೆ ನೆಮ್ಮದಿಯಾಗಿರಿ, ಸ್ನಾಯು ಉಳಿದಿದೆ. ಎಲ್ಲ ಲಿಫ್ಟ್‌ಗಳೂ ಒಟ್ಟಿಗೆ, ವಾರದಿಂದ ವಾರಕ್ಕೆ ಕುಸಿಯುತ್ತಿದ್ದರೆ ಊಟವನ್ನು ಅತಿಯಾಗಿ ಇಳಿಸಿದ್ದೀರಿ. ಬೆಂಚ್ ಮತ್ತು ಸ್ಕ್ವಾಟ್ ಸ್ವಲ್ಪ ಇಳಿದರೆ ಗಾಬರಿ ಬೇಡ. ಮೈ ತೆಳ್ಳಗಾದಾಗ ಬಾರ್ ಚಲಿಸುವ ದೂರ ಜಾಸ್ತಿಯಾಗುತ್ತೆ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶವೂ ಕಡಿಮೆ ಇರುತ್ತೆ. ಪುಲ್ ಅಪ್ಸ್‌ನ ಲೆಕ್ಕ ಇದಕ್ಕೆ ಉಲ್ಟಾ. 78 ಕೆಜಿ ಇದ್ದಾಗ 10 ಪುಲ್ ಅಪ್ಸ್ ಮಾಡುತ್ತಿದ್ದವರು 70ಕ್ಕೆ ಇಳಿದ ಮೇಲೂ 10ನ್ನೇ ಮಾಡುತ್ತಿದ್ದರೆ, ಪ್ರತಿ ರೆಪ್‌ನಲ್ಲೂ 8 ಕೆಜಿ ಕಡಿಮೆ ಎಳೆಯುತ್ತಿದ್ದಾರೆ. ಅಂಕಿ ಅದೇ ಇದ್ದರೂ ಬೆನ್ನಿನ ತಾಕತ್ತು ಇಳಿದಿದೆ.

ಇಷ್ಟಾದರೂ ಒಂದೇ ಅಳತೆಯನ್ನು ನಂಬಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಮೈತೂಕ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಟೇಪ್. ಅದೇ ಬೆಳಕಿನಲ್ಲಿ, ವರ್ಕೌಟ್‌ಗೆ ಮುಂಚೆ ತೆಗೆದ ಫೋಟೋ. ಇವು ಮೂರೂ, ಜೊತೆಗೆ ಲಿಫ್ಟ್‌ಗಳೂ ಒಂದೇ ಕಡೆ ಬೆರಳು ತೋರಿಸಿದಾಗ ನಂಬಬಹುದು.

ಗೊತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತೆ

ಈಗ ಎರಡನೇ ಪ್ರಶ್ನೆ. ಜಾಸ್ತಿ ಎತ್ತುವವರಿಗೆ, ದೊಡ್ಡ ಮೈ ಇರುವವರಿಗೆ ಜಾಸ್ತಿ ಗೊತ್ತಿರುತ್ತಾ?

2005ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ 585 ಗಂಡಸರು ಮತ್ತು ಹೆಂಗಸರು 12 ವಾರ ಒಂದೇ ತೋಳಿಗೆ ಒಂದೇ ಥರದ ವ್ಯಾಯಾಮ ಮಾಡಿದರು. ಕಾರ್ಯಕ್ರಮ ಎಲ್ಲರಿಗೂ ಒಂದೇ. ಆದರೂ ಕೆಲವರ ಬೈಸೆಪ್ಸ್ ಬೆಳೆಯಲೇ ಇಲ್ಲ, ಒಂದಿಷ್ಟು ಇಳಿದವರೂ ಇದ್ದರು. ಇನ್ನೊಂದು ತುದಿಯಲ್ಲಿದ್ದವರ ಸ್ನಾಯು ನೂರಕ್ಕೆ 59ರಷ್ಟು ಬೆಳೆದಿತ್ತು. ಗರಿಷ್ಠ ತೂಕವೂ ಸೊನ್ನೆಯಿಂದ ಹಿಡಿದು ನೂರಕ್ಕೆ 250ರವರೆಗೆ ಏರಿತ್ತು. ಈ ಇಬ್ಬರು ತುದಿಯವರನ್ನು ಅಕ್ಕಪಕ್ಕ ನಿಲ್ಲಿಸಿ. ಯಾರ ಮಾತು ಕೇಳುತ್ತೀರಿ? ಇಬ್ಬರೂ ಮಾಡಿದ್ದು ಒಂದೇ ಕೆಲಸ, ಇಬ್ಬರಿಗೂ ಗೊತ್ತಿರುವುದು ಅಷ್ಟೇ.

ಇನ್ನು ಔಷಧಿಗಳ ವಿಷಯ. 1996ರಲ್ಲಿ ಬಂದ ಒಂದು ಪ್ರಸಿದ್ಧ ಪ್ರಯೋಗದಲ್ಲಿ 10 ವಾರ ಕೆಲವರಿಗೆ ವಾರಕ್ಕೆ 600 ಮಿ.ಗ್ರಾಂ. ಟೆಸ್ಟೋಸ್ಟಿರೋನ್ ಕೊಟ್ಟರು, ಕೆಲವರಿಗೆ ಔಷಧಿಯಿಲ್ಲದ ಖಾಲಿ ಇಂಜೆಕ್ಷನ್. ವ್ಯಾಯಾಮ ಮಾಡಿದರೂ ಔಷಧಿ ಸಿಗದವರ ಕೊಬ್ಬಿಲ್ಲದ ಮೈತೂಕ ಸುಮಾರು 2 ಕೆಜಿ ಏರಿತು. ವ್ಯಾಯಾಮವನ್ನೇ ಮಾಡದೆ ಔಷಧಿ ಪಡೆದವರದ್ದು ಸುಮಾರು 3 ಕೆಜಿ. ಎರಡೂ ಸಿಕ್ಕವರದ್ದು ಸುಮಾರು 6 ಕೆಜಿ. ನಡುವಿನ ಸಾಲನ್ನು ಇನ್ನೊಮ್ಮೆ ಓದಿ. ಸುಮ್ನೆ ಕೂತವರು, ಬೆವರು ಸುರಿಸಿದವರಿಗಿಂತ ಜಾಸ್ತಿ ಪಡೆದರು. ಇದರಿಂದ ಆರೋಗ್ಯಕ್ಕೆ ಆಗುವ ಅಪಾಯ ಬೇರೆಯೇ ಮಾತು. ದೊಡ್ಡ ಮೈ, ದೊಡ್ಡ ಲಿಫ್ಟ್ ಎರಡೂ ಜ್ಞಾನಕ್ಕೆ ಸಾಕ್ಷಿಯಾಗಲ್ಲ ಅನ್ನೋದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಚಾಂಪಿಯನ್‌ಗಳನ್ನೇ ನೋಡಿ. ಆರ್ನಾಲ್ಡ್ ಶ್ವಾರ್ಜ್‌ನೆಗರ್ 7 ಬಾರಿ ಒಲಿಂಪಿಯಾ ಗೆದ್ದರು, ದಿನಕ್ಕೆರಡು ಸಲ ಜಿಮ್‌ಗೆ ಹೋಗಿ ರಾಶಿ ರಾಶಿ ಸೆಟ್ ಮಾಡುತ್ತಿದ್ದರು. 1992ರಿಂದ 1997ರವರೆಗೆ 6 ಬಾರಿ ಗೆದ್ದ ಡೋರಿಯನ್ ಯೇಟ್ಸ್, ವಾರ್ಮಪ್ ಆದ ಮೇಲೆ ಒಂದು ವ್ಯಾಯಾಮಕ್ಕೆ ಪ್ರಾಣ ಹೋಗುವಂಥ ಒಂದೇ ಸೆಟ್ ಸಾಕು ಅನ್ನುತ್ತಿದ್ದವರು. 1984ರಿಂದ 1991ರವರೆಗೆ 8 ಬಾರಿ ಗೆದ್ದ ಲೀ ಹೇನಿ, ಸ್ನಾಯುವನ್ನು ಕೆರಳಿಸಿ, ಹಾಳುಗೆಡವಬೇಡಿ ಅನ್ನುವ ಕಡೆಯವರು. ಮೈಯೇ ಜ್ಞಾನಕ್ಕೆ ಸಾಕ್ಷಿ ಆಗಿದ್ದರೆ ಮೂವರೂ ಒಂದೇ ಮಾತು ಹೇಳಬೇಕಿತ್ತು ಅಲ್ವಾ? ಅವರವರ ಮೈಗೆ ಒಗ್ಗಿದ್ದನ್ನು ಅವರು ಮಾಡಿದರು. ನಿಮ್ಮ ಮೈಗೆ ಯಾವುದು ಒಗ್ಗುತ್ತೆ ಅಂತ ಅವರ ಟ್ರೋಫಿ ಹೇಳಲ್ಲ.

ಹಾಗಂತ ಬಾರ್ ಮುಟ್ಟದೆ ಓದಿಕೊಂಡೇ ಮಾತಾಡುವವರಿಗೂ ಪೂರ್ತಿ ಅಂಕ ಕೊಡಲಾರೆ. ಕೆಲವು ವಿಷಯಗಳನ್ನು ಮೈಯೇ ಕಲಿಸಬೇಕು. ಸೆಟ್ ನಿಲ್ಲಿಸಿದಾಗ ಇನ್ನೂ ಎಷ್ಟು ರೆಪ್ಸ್ ಬಾಕಿ ಇತ್ತು ಅಂತ ಅಂದಾಜು ಮಾಡುವುದನ್ನೇ ತೆಗೆದುಕೊಳ್ಳಿ. ಹೊಸಬರಿಗೆ ಇದು ಬರಲ್ಲ. "ಇನ್ನಾಗಲ್ಲ" ಅಂದವರು ಪಕ್ಕದಲ್ಲಿ ಯಾರಾದರೂ ನಿಂತು ಎಣಿಸಿದರೆ ಇನ್ನೂ ನಾಲ್ಕೈದು ಎತ್ತುತ್ತಾರೆ. ಇದು ವರ್ಷಗಟ್ಟಲೆ ಎತ್ತಿ ಬರುವ ತಿಳಿವಳಿಕೆ. ಆದರೆ ಅದು 60 ಕೆಜಿಯಲ್ಲೂ ಬರುತ್ತೆ, 160ರಲ್ಲೂ ಬರುತ್ತೆ. ಬೇಕಿರುವುದು ಅನುಭವ, ಕೆಜಿ ಎಷ್ಟಾದರೂ ಇರಲಿ.

ಒಬ್ಬರಿಗೆ ನಿಜವಾಗಿ ಗೊತ್ತಿದೆಯಾ ಅಂತ ತಿಳಿಯಬೇಕಾದರೆ ನಾನು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ. ಈ ವ್ಯಾಯಾಮ ಯಾಕೆ? ಭುಜ ನೋಯುವವರಿಗೆ ಇದರ ಬದಲು ಏನು ಕೊಡುತ್ತೀರಿ? ಎರಡು ತಿಂಗಳು ಏನೂ ಕದಲದಿದ್ದರೆ ಮೊದಲು ಏನು ಬದಲಿಸುತ್ತೀರಿ, ಊಟವಾ, ಸೆಟ್‌ಗಳಾ, ನಿದ್ದೆಯಾ? ಯಾವಾಗ ನಿಮ್ಮ ಈ ಸಲಹೆ ತಪ್ಪಾಗುತ್ತೆ? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರನ್ನು ಕಂಡರೆ ನನಗೆ ತುಂಬಾ ಗೌರವ. ಇನ್ನೊಂದು ಪರೀಕ್ಷೆ, ಅವರು ಕಲಿಸಿದವರನ್ನು ನೋಡುವುದು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮೈಕಟ್ಟಿನ ಹತ್ತಾರು ಜನ ಅವರ ಕೈಯಲ್ಲಿ ಗಾಯವಿಲ್ಲದೆ ಮುಂದೆ ಬಂದಿದ್ದಾರಾ? ಹುಟ್ಟಿನಿಂದಲೇ ಚೆನ್ನಾಗಿ ಬೆಳೆಯುವ ಒಬ್ಬ ಹುಡುಗನನ್ನು ತೋರಿಸಿದರೆ ಸಾಲದು.

ಮೊನ್ನೆ ಹೊಸ ಹುಡುಗನೊಬ್ಬ ಬಂದು, "ಅಣ್ಣಾ, ಆರು ತಿಂಗಳಾಯ್ತು, ನನ್ನ ಬೆಂಚ್ ಇನ್ನೂ 50ರಲ್ಲೇ ಇದೆ. ನನ್ನ ಜೊತೆ ಸೇರಿದವನು 70 ಹೊಡೀತಾನೆ," ಅಂದ. ಮುಖ ಸಣ್ಣಗಾಗಿತ್ತು. ಬರೆದಿಟ್ಟಿದ್ದೀಯಾ ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದ. ಮೊದಲ ತಿಂಗಳು 35 ಕೆಜಿ, 6 ರೆಪ್ಸ್. ಈ ವಾರ 50 ಕೆಜಿ, 9 ರೆಪ್ಸ್. ಸೂತ್ರ ಹಾಕಿ ನೋಡಿದೆವು. 42ರಿಂದ 65. ಜೊತೆಯವನ ಮೊದಲ ದಿನದ ತೂಕ ಎಷ್ಟಿತ್ತು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "60 ಇತ್ತು ಅನ್ಸುತ್ತೆ ಅಣ್ಣಾ," ಅಂದ. ಆಮೇಲೆ ಏನೂ ಹೇಳದೆ ಬೆಂಚ್ ಕಡೆ ಹೋಗಿ, ಬಾರ್‌ನ ಎರಡೂ ಕಡೆಗೆ ಒಂದೊಂದು ಸಣ್ಣ ಪ್ಲೇಟ್ ಸೇರಿಸಿದ.